ಹಳೆ ಮನೆಯ ವೈರಿಂಗ್‌ಗೂ ತಪಾಸಣೆ ಬೇಕು

ನಮ್ಮಲ್ಲಿ ಹೊಸ ಮನೆಗೆ ಕರೆಂಟ್ ಬರಬೇಕಾದರೆ ಪರವಾನಗಿ ಇರುವ ಗುತ್ತಿಗೆದಾರರು ವೈರಿಂಗ್ ಮುಗಿದಿದೆ ಎಂದು ವರದಿ ಕೊಡಬೇಕು, ಎಸ್ಕಾಂನವರು ಅದನ್ನು ಒಪ್ಪಬೇಕು. ಆಮೇಲೆ ಮೀಟರ್ ಕೂರುತ್ತದೆ, ಆರ್.ಆರ್. ನಂಬರ್ ಸಿಗುತ್ತದೆ. ಅಲ್ಲಿಗೆ ಮುಗಿಯಿತು. ಮುಂದೆ ಮೂವತ್ತು ವರ್ಷವೋ ಐವತ್ತು ವರ್ಷವೋ, ಆ ಮನೆಯ ಗೋಡೆಯೊಳಗಿನ ವೈರಿನ ಗತಿ ಏನಾಯಿತು ಎಂದು ಬಂದು ಕೇಳುವವರಿಲ್ಲ. ಮೀಟರ್ ರೀಡರ್ ತಿಂಗಳು ತಿಂಗಳು ಬರುತ್ತಾರೆ. ಅವರ ಕೆಲಸ ಯೂನಿಟ್ ನೋಡಿ ಬಿಲ್ ಕೊಡುವುದು. ಮೀಟರಿನಿಂದ ಒಳಗಿರುವುದೆಲ್ಲ ಮನೆಯವರ ಪಾಲು. ಮನೆಯವರಾದರೋ ಸ್ವಿಚ್ ಒತ್ತಿದರೆ ಲೈಟ್ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಹಾಗಾಗಿ ಎಲ್ಲ ಸರಿಯಿದೆ ಎಂದುಕೊಂಡಿರುತ್ತಾರೆ. ಈ ನಂಬಿಕೆ ಜೀವಕ್ಕೆ ಎರವಾಗುವಷ್ಟು ತಪ್ಪು. ಇಪ್ಪತ್ತೈದು ವರ್ಷ ದಾಟಿದ ಪ್ರತಿ ಮನೆಯ ವೈರಿಂಗನ್ನು ಉಪಕರಣ ಹಿಡಿದು ಪರೀಕ್ಷಿಸಬೇಕು, ಫಲಿತಾಂಶವನ್ನು ಬರಹದಲ್ಲಿ ಕೊಡಬೇಕು, ಇದನ್ನು ಸರ್ಕಾರ ಕಡ್ಡಾಯ ಮಾಡಬೇಕು ಎಂಬುದು ನನ್ನ ವಾದ.

ದೇಶದಲ್ಲಿ ಕರೆಂಟ್ ತಗುಲಿ ಸಾಯುವವರ ಸಂಖ್ಯೆ ವರ್ಷಕ್ಕೆ 12 ಸಾವಿರ ದಾಟುತ್ತದೆ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ಹೇಳುತ್ತವೆ. ದಿನಕ್ಕೆ ಮೂವತ್ತಕ್ಕೂ ಹೆಚ್ಚು ಜನ. ಇವರೆಲ್ಲ ಮನೆಯೊಳಗೆ ಸತ್ತವರಲ್ಲ. ಹೊಲದಲ್ಲಿ ತುಂಡಾಗಿ ಬಿದ್ದ ತಂತಿ ತುಳಿದವರು, ಪಂಪ್‌ಸೆಟ್ ಹಾಕಲು ಹೋದ ರೈತರು, ಕಂಬ ಹತ್ತಿದ ಲೈನ್‌ಮನ್‌ಗಳು ಇದರಲ್ಲಿ ಸೇರಿದ್ದಾರೆ. ಆದರೆ ಸ್ನಾನದ ಮನೆಯಲ್ಲಿ, ಅಡುಗೆಮನೆಯಲ್ಲಿ, ಬಟ್ಟೆ ಒಣಹಾಕುವ ತಂತಿಯಲ್ಲಿ ಸತ್ತವರೂ ಇದ್ದಾರೆ, ಮತ್ತು ಅಂಥ ಸಾವಿಗೆ ಕಾರಣ ಹುಡುಕುವ ಗಂಭೀರ ಪ್ರಯತ್ನ ನಮ್ಮಲ್ಲಿ ಅಪರೂಪ. ಬೆಂಕಿ ಬಿದ್ದರೂ ಅಷ್ಟೇ. ಶಾರ್ಟ್ ಸರ್ಕ್ಯೂಟ್ ಆಗಿರುವ ಶಂಕೆ ಎಂದು ಒಂದು ಸಾಲು ಬರೆದರೆ ಆಯಿತು. ಯಾವ ಸಾಕೆಟ್, ಎಷ್ಟು ದಪ್ಪದ ವೈರ್, ಯಾವ ಕಾಲದ ಜೋಡಣೆ, ಅರ್ಥಿಂಗ್ ಇತ್ತೇ ಇಲ್ಲವೇ ಎಂಬುದು ಆ ಸಾಲಿನಲ್ಲಿ ಇರುವುದಿಲ್ಲ.

ಕರ್ನಾಟಕದ ಮನೆಗಳ ವೈರಿಂಗ್ ಒಂದೇ ಕಾಲದ್ದಲ್ಲ ಎಂಬುದನ್ನು ಮೊದಲು ಗಮನಿಸಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ ಕರೆಂಟ್ ಹರಿದ ನಾಡು ಇದು. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ಬ್ಯಾಟನ್ ವೈರಿಂಗ್ ಇಂದಿಗೂ ಮಲೆನಾಡಿನ, ಕರಾವಳಿಯ ಹಳೆ ಮನೆಗಳ ತೊಲೆಗಳಲ್ಲಿ ಕಾಣುತ್ತದೆ. ಅಲ್ಲಿಯ ರಬ್ಬರ್ ಹೊದಿಕೆ ಒಣಗಿ, ಬೆರಳು ತಾಗಿಸಿದರೆ ಪುಡಿಯಾಗುವ ಸ್ಥಿತಿಗೆ ಬಂದಿರುತ್ತದೆ. ಒಂದು ಕಾಲದಲ್ಲಿ ತಾಮ್ರ ದುಬಾರಿಯೆಂದು ಅಲ್ಯೂಮಿನಿಯಂ ವೈರ್ ಎಳೆದ ಮನೆಗಳಿವೆ. ಅಲ್ಯೂಮಿನಿಯಂ ಸ್ಕ್ರೂವಿನ ಒತ್ತಡಕ್ಕೆ ನಿಧಾನವಾಗಿ ಜರುಗುತ್ತದೆ, ಅದರ ಮೇಲೆ ಆಕ್ಸೈಡ್ ಪದರ ಕೂರುತ್ತದೆ, ಜೋಡಣೆ ಸಡಿಲವಾಗುತ್ತದೆ. ಈ ಹಳೆಯದಕ್ಕೆ ಮಗನ ಮದುವೆಯ ವರ್ಷ ಒಂದು ಕೋಣೆಯ ಕನ್ಸೀಲ್ಡ್ ವೈರಿಂಗ್ ಸೇರಿತು, ಬೋರ್‌ವೆಲ್ ಹಾಕಿಸಿದಾಗ ಮೋಟಾರಿಗೊಂದು ಲೈನ್, ಯುಪಿಎಸ್ ತಂದಾಗ ಇನ್ನೊಂದು. ಇಡೀ ಮನೆಯ ನಕ್ಷೆ ಯಾರ ಬಳಿಯೂ ಇಲ್ಲ. ಮೊದಲು ಎಳೆದ ಮೇಸ್ತ್ರಿ ತೀರಿಕೊಂಡಿರುತ್ತಾರೆ, ಈಗ ಬರುವ ಎಲೆಕ್ಟ್ರಿಷಿಯನ್‌ಗೆ ಕಾಣುವುದು ಸ್ವಿಚ್‌ಬೋರ್ಡ್ ಮಾತ್ರ. ಯುಪಿಎಸ್ ಇರುವ ಮನೆಯಲ್ಲಂತೂ ಮೇನ್ ಆಫ್ ಮಾಡಿದರೂ ಲೈಟಿನ ಲೈನಿನಲ್ಲಿ ಕರೆಂಟ್ ಇರುತ್ತದೆ.

ಇದಕ್ಕಿಂತ ದೊಡ್ಡ ಬದಲಾವಣೆ ಲೋಡಿನದು. ಭಾಗ್ಯಜ್ಯೋತಿ, ಕುಟೀರಜ್ಯೋತಿ ಯೋಜನೆಗಳಲ್ಲಿ ಬಡವರ ಮನೆಗೆ ಬಂದದ್ದು ಒಂದು ಬಲ್ಬಿನ ಸಂಪರ್ಕ. ಮಧ್ಯಮ ವರ್ಗದ ಮನೆಯಲ್ಲೂ ನಲವತ್ತು ವರ್ಷದ ಹಿಂದೆ ನಾಲ್ಕಾರು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊ, ವಾರಕ್ಕೊಮ್ಮೆ ಇಸ್ತ್ರಿಪೆಟ್ಟಿಗೆ ಇಷ್ಟೇ ಲೆಕ್ಕ. ಆ ಲೆಕ್ಕಕ್ಕೆ ಎಳೆದ ವೈರ್ ಮೇಸ್ತ್ರಿಗಳ ಭಾಷೆಯಲ್ಲಿ ಒಂದು-ಹದಿನೆಂಟು ಅಥವಾ ಮೂರು-ಇಪ್ಪತ್ತೆರಡು; ಎರಡರ ದಪ್ಪವೂ ಹೆಚ್ಚುಕಡಿಮೆ 1.2 ಚದರ ಮಿಲಿಮೀಟರ್. ಲೈಟು ಫ್ಯಾನಿಗೆ ಅದು ಧಾರಾಳವಾಗಿ ಸಾಕಿತ್ತು. ಇಂದು ಅದೇ ಮನೆಯಲ್ಲಿ 2,000 ವ್ಯಾಟಿನ ಗೀಸರ್ ಇದೆ, ಇಂಡಕ್ಷನ್ ಒಲೆ ಇದೆ, ವಾಷಿಂಗ್ ಮೆಷಿನ್ ಇದೆ, ಬೇಸಿಗೆ ತಡೆಯಲಾಗದೆ ತಂದ ಎಸಿ ಇದೆ. 230 ವೋಲ್ಟಿನಲ್ಲಿ 2,000 ವ್ಯಾಟಿನ ಗೀಸರ್ ಒಂದೇ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಮೀಟರ್ ಬೋರ್ಡಿನಿಂದಲೇ ಬೇರೆ ದಪ್ಪ ವೈರ್ ಎಳೆಯಬೇಕು. ಎಷ್ಟೋ ಕಡೆ ಆಗಿರುವುದು ಬೇರೆ: ಹಳೆಯ 5 ಆಂಪಿಯರ್ ಸಾಕೆಟ್ ಬಿಚ್ಚಿ, ಆ ಜಾಗದಲ್ಲಿ 16 ಆಂಪಿಯರಿನ ಹೊಸ ಸಾಕೆಟ್ ಕೂರಿಸಿದ್ದಾರೆ. ಹೊರಗೆ ಕಾಣುವ ಪ್ಲೇಟ್ ಹೊಳೆಯುತ್ತದೆ, ಹಿಂದಿರುವ ವೈರ್ ಅದೇ ಹಳೆಯದು.

ನಲವತ್ತು ವರ್ಷದಿಂದ ಏನೂ ಆಗಿಲ್ಲ, ಈಗ ಯಾಕೆ ಆಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಜೋಡಣೆಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಸಾಕೆಟ್ಟಿನ ಹಿಂದೆ ಒಂದು ಸ್ಕ್ರೂ ಸಡಿಲವಾಗಿ, ಅಲ್ಲಿ 0.3 ಓಮ್ ಪ್ರತಿರೋಧ ಬಂದಿದೆ ಎಂದುಕೊಳ್ಳೋಣ. ಟಿವಿ, ಫ್ಯಾನ್ ಸೇರಿ 2 ಆಂಪಿಯರ್ ಹರಿದಾಗ ಆ ಜಾಗದಲ್ಲಿ ಹುಟ್ಟುವ ಬಿಸಿ 1.2 ವ್ಯಾಟ್. ಕೈಗೆ ತಿಳಿಯುವುದೂ ಇಲ್ಲ. ಅದೇ ಸ್ಕ್ರೂವಿನ ಮೂಲಕ ಗೀಸರಿನ 8.7 ಆಂಪಿಯರ್ ಹರಿದರೆ ಸುಮಾರು 23 ವ್ಯಾಟ್. ರೇಡಿಯೊ ರಿಪೇರಿ ಮಾಡುವವರು ಸೀಸ ಕರಗಿಸಲು ಬಳಸುವ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ, ಗೋಡೆಯಲ್ಲಿ ಹುದುಗಿದ ಜಾಗದಲ್ಲಿ, ಪ್ರತಿದಿನ ಬೆಳಿಗ್ಗೆ ಮನೆಮಂದಿಯ ಸ್ನಾನ ಮುಗಿಯುವವರೆಗೆ ಅಂಥದ್ದೊಂದನ್ನು ಕಾಯಿಸಿಟ್ಟ ಹಾಗೆ ಇದು. ಸಾಮಾನ್ಯ ಪಿವಿಸಿ ಹೊದಿಕೆ ತಾಳಲೆಂದು ಮಾಡಿರುವುದು 70 ಡಿಗ್ರಿ ಸೆಲ್ಸಿಯಸ್. ಅದು ಮೊದಲು ಗಡುಸಾಗುತ್ತದೆ, ಆಮೇಲೆ ಬಿರಿಯುತ್ತದೆ, ಸಾಕೆಟ್ಟಿನ ಬಲಗಡೆಯ ತೂತಿನ ಸುತ್ತ ಕಂದು ಕಲೆ ಮೂಡುತ್ತದೆ. ಆ ಕಲೆಯನ್ನು ಕೊಳೆ ಎಂದು ಒರೆಸಿ ಸುಮ್ಮನಾಗುವವರು ಬಹಳ. ಹಳೆಯ ಅನುಭವ ಇಲ್ಲಿ ಭರವಸೆ ಕೊಡುವುದಿಲ್ಲ, ಏಕೆಂದರೆ ಆ ನಲವತ್ತು ವರ್ಷ ಆ ವೈರ್ ಹೊತ್ತದ್ದು ಬೇರೆಯೇ ಭಾರ.

ಎಂಸಿಬಿ ಹಾಕಿಸಿದ್ದೇವಲ್ಲ, ಏನಾದರೂ ಆದರೆ ಅದೇ ಬೀಳುತ್ತದೆ ಎಂಬುದು ಎರಡನೆಯ ಸಮಾಧಾನ. ಎಂಸಿಬಿ ಒಳ್ಳೆಯ ಸಾಧನ, ಅನುಮಾನವಿಲ್ಲ. ಆದರೆ ಅದು ನೋಡುವುದು ಎಷ್ಟು ಕರೆಂಟ್ ಹರಿಯುತ್ತಿದೆ ಎಂಬುದನ್ನಷ್ಟೇ. ಮೇಲೆ ಹೇಳಿದ ಸಡಿಲ ಸ್ಕ್ರೂ ಕಾದು ಕೆಂಪಾದರೂ ಲೈನಿನಲ್ಲಿ ಹರಿಯುವುದು ಅದೇ 8.7 ಆಂಪಿಯರ್, 16 ಆಂಪಿಯರಿನ ಎಂಸಿಬಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಇನ್ನು ಮನುಷ್ಯನ ಎದೆಯ ಮೂಲಕ 30 ಮಿಲಿಆಂಪಿಯರಿಗಿಂತ ಹೆಚ್ಚು ಕರೆಂಟ್ ಸ್ವಲ್ಪ ಹೊತ್ತು ಹರಿದರೂ ಹೃದಯದ ಲಯ ತಪ್ಪಬಹುದು. 16 ಆಂಪಿಯರ್ ಎಂದರೆ ಅದರ ಐನೂರು ಪಟ್ಟಿಗೂ ಹೆಚ್ಚು. ಎಂಸಿಬಿ ಕಾಯುವುದು ವೈರನ್ನು. ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ: ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ಮರಳಿ ಬಂತೇ ಎಂದು ಅದು ಸದಾ ಹೋಲಿಸುತ್ತಿರುತ್ತದೆ, 30 ಮಿಲಿಆಂಪಿಯರ್ ಕಡಿಮೆ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಎಂಸಿಬಿ ಇದ್ದೂ ದುರುಪಯೋಗವಾಗುವ ಬಗೆ ಇನ್ನೊಂದಿದೆ. ಗೀಸರ್ ಹಾಕಿದಾಗಲೆಲ್ಲ 10 ಆಂಪಿಯರಿನದು ಬೀಳುತ್ತದೆ ಎಂದು ದೂರಿದರೆ, ವೈರ್ ಬದಲಿಸುವ ಬದಲು 32 ಆಂಪಿಯರಿನದು ಹಾಕಿ ಹೋಗುವವರಿದ್ದಾರೆ. ಹಿಂದೆ ಫ್ಯೂಸ್ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಸುತ್ತುತ್ತಿದ್ದರಲ್ಲ, ಅದೇ ಕೆಲಸ. ಇನ್ನು ಆ ಎಂಸಿಬಿ ಬೀಳುವುದಿಲ್ಲ, ಬಿಸಿಯಾಗುವುದು ವೈರ್.

ಅರ್ಥಿಂಗ್ ವಿಷಯಕ್ಕೆ ಬಂದರೆ ಸ್ಥಿತಿ ಇನ್ನೂ ಕೆಟ್ಟದು. ಮನೆಯ ಮೂಲೆಯಲ್ಲಿ ಗುಂಡಿ ತೆಗೆದು, ಇದ್ದಿಲು ಉಪ್ಪು ತುಂಬಿ, ಪೈಪ್ ಹೂತಿದ್ದಾರೆ ಎಂಬುದು ಯಜಮಾನರಿಗೆ ನೆನಪಿರುತ್ತದೆ. ಅದಕ್ಕೆ ಕೊನೆಯ ಸಲ ನೀರು ಹಾಕಿದ್ದು ಯಾವಾಗ ಎಂಬುದು ನೆನಪಿರುವುದಿಲ್ಲ. ಕೆಲವು ಹಳೆ ಮನೆಗಳಲ್ಲಿ ನಲ್ಲಿಯ ಜಿಐ ಪೈಪಿಗೇ ಅರ್ಥ್ ವೈರ್ ಕಟ್ಟಿದ್ದರು. ಪೈಪ್ ನೆಲದಲ್ಲಿ ಓಡುತ್ತಿದ್ದ ಕಾರಣ ಅದು ಒಂದು ಮಟ್ಟಿಗೆ ನಡೆಯುತ್ತಿತ್ತು. ಮುಂದೆ ಪೈಪ್ ತುಕ್ಕು ಹಿಡಿಯಿತೆಂದು ಪ್ಲಂಬರ್ ಬಂದು ಪಿವಿಸಿ ಹಾಕಿದರು. ನೀರು ಚೆನ್ನಾಗಿ ಬಂತು, ಇಡೀ ಮನೆಯ ಅರ್ಥಿಂಗ್ ಆ ದಿನ ಹೋಯಿತು. ಪ್ಲಂಬರಿಗೆ ಅದು ಗೊತ್ತಾಗಲು ಕಾರಣವಿಲ್ಲ, ಮನೆಯವರಿಗೂ ಇಲ್ಲ; ಫ್ರಿಜ್ ಎಂದಿನಂತೆ ಓಡುತ್ತಲೇ ಇತ್ತು. ಅರ್ಥ್ ಇದೆ ಎಂದ ಮಾತ್ರಕ್ಕೂ ಸಾಲದು. ಅದರ ಪ್ರತಿರೋಧ 20 ಓಮ್ ಇದ್ದರೆ, ಗೀಸರಿನ ಕಾಯಿಲ್ ಒಡೆದು ತಗಡಿಗೆ ಕರೆಂಟ್ ಬಂದಾಗ ನೆಲಕ್ಕೆ ಹರಿಯುವುದು ಸುಮಾರು 11.5 ಆಂಪಿಯರ್. 16 ಆಂಪಿಯರಿನ ಎಂಸಿಬಿ ಬೀಳುವುದಿಲ್ಲ, ಗೀಸರಿನ ಮೈಯಲ್ಲಿ, ಅದಕ್ಕೆ ಕೂಡಿದ ನಲ್ಲಿಯಲ್ಲಿ ಕರೆಂಟ್ ನಿಂತೇ ಇರುತ್ತದೆ, ಒದ್ದೆ ಕೈ ಅದನ್ನು ಮುಟ್ಟುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸಾಕೆಟ್ಟಿನ ನ್ಯೂಟ್ರಲ್‌ನಿಂದ ಒಂದು ತುಂಡು ವೈರ್ ತೆಗೆದು ಅರ್ಥ್ ಪಿನ್ನಿಗೆ ಸೇರಿಸುವ ಉಪಾಯವೂ ಚಲಾವಣೆಯಲ್ಲಿದೆ. ಇದು ಎಲ್ಲಕ್ಕಿಂತ ಅಪಾಯಕಾರಿ. ಹಿಂದೆಲ್ಲೋ ನ್ಯೂಟ್ರಲ್ ತುಂಡಾದ ಗಳಿಗೆಯಲ್ಲಿ ಆ ಸಾಕೆಟ್ಟಿಗೆ ಹಾಕಿದ ಫ್ರಿಜ್ಜಿನ, ವಾಷಿಂಗ್ ಮೆಷಿನ್ನಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ.

ಇದ್ಯಾವುದನ್ನೂ ನಾವು ಸಾಮಾನ್ಯವಾಗಿ ಮಾಡುವ ಪರೀಕ್ಷೆ ತೋರಿಸುವುದಿಲ್ಲ. ಜೇಬಿನಿಂದ ಟೆಸ್ಟರ್ ತೆಗೆದು ಸಾಕೆಟ್ಟಿಗೆ ಚುಚ್ಚಿ, ಕೆಂಪು ದೀಪ ಹತ್ತಿತು, ಲೈನ್ ಸರಿಯಿದೆ ಎನ್ನುವುದು ರೂಢಿ. ಆ ದೀಪ ಹತ್ತಲು ತೀರಾ ಸಣ್ಣ ಕರೆಂಟ್ ಸಾಕು. ಫೇಸ್ ಇದೆ ಎಂಬುದೊಂದನ್ನು ಬಿಟ್ಟು ವೈರ್ ಎಷ್ಟು ದಪ್ಪ, ಹೊದಿಕೆ ಹೇಗಿದೆ, ಅರ್ಥ್ ತಲುಪಿದೆಯೇ ಎಂದು ಅದು ಏನನ್ನೂ ಹೇಳಲಾರದು. ನಿಜವಾದ ಪರೀಕ್ಷೆಯಲ್ಲಿ ಮೇನ್ ಆಫ್ ಮಾಡಿ, ಎಲ್ಲ ಉಪಕರಣಗಳ ಪ್ಲಗ್ ಕಿತ್ತು, ಬಲ್ಬುಗಳನ್ನು ಬಿಚ್ಚಿ, ಸ್ವಿಚ್‌ಗಳನ್ನು ಆನ್ ಇಟ್ಟು, ಮೆಗ್ಗರ್‌ನಿಂದ ವೈರಿಗೂ ಅರ್ಥಿಗೂ ನಡುವೆ 500 ವೋಲ್ಟ್ ಕೊಟ್ಟು ಹೊದಿಕೆಯ ಪ್ರತಿರೋಧ ಅಳೆಯುತ್ತಾರೆ. ಅದು ಒಂದು ಮೆಗಾಓಮ್‌ಗಿಂತ ಕೆಳಗಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಅರ್ಥಿನ ಪ್ರತಿರೋಧವನ್ನು ಬೇರೆಯಾಗಿ ಅಳೆಯಬೇಕು, ಆರ್‌ಸಿಸಿಬಿ ಇದ್ದರೆ ಅದು ಬೀಳುತ್ತದೆಯೇ ಎಂದು ನೋಡಬೇಕು, ಪ್ರತಿ ಎಂಸಿಬಿಯ ಹಿಂದಿರುವ ವೈರಿನ ದಪ್ಪ ಅದಕ್ಕೆ ಹೊಂದುತ್ತದೆಯೇ ಎಂದು ಪರಿಶೀಲಿಸಬೇಕು, ಕೊನೆಗೆ ನಾಲ್ಕಾರು ಸ್ವಿಚ್‌ಬೋರ್ಡ್‌ಗಳನ್ನಾದರೂ ಬಿಚ್ಚಿ ಒಳಗಿನ ಸ್ಕ್ರೂಗಳನ್ನು ಕಣ್ಣಾರೆ ಕಾಣಬೇಕು. ಇದು ಮನೆಯವರು ತಾವೇ ಮಾಡುವ ಕೆಲಸವಲ್ಲ, ಮಾಡಲು ಹೋಗಲೂಬಾರದು. ಬಲ್ಲವರಿಗೆ ಅರ್ಧ ದಿನದ ಕೆಲಸ. ನಮ್ಮ ಹವಾಮಾನಕ್ಕೆ ಒಂದು ಮಾತು ಸೇರಿಸಬೇಕು: ತೀರ್ಥಹಳ್ಳಿಯಲ್ಲೋ ಕುಂದಾಪುರದಲ್ಲೋ ಏಪ್ರಿಲ್ ಬಿಸಿಲಿನಲ್ಲಿ ಅಳೆದರೆ ಸಿಗುವ ಒಳ್ಳೆಯ ಅಂಕಿ, ಗೋಡೆ ನೀರು ಕುಡಿದ ಜುಲೈನಲ್ಲಿ ಸಿಗುವುದಿಲ್ಲ. ಅಲ್ಲಿ ಮಳೆಗಾಲದ ಅಳತೆಯೇ ನಂಬತಕ್ಕದ್ದು.

ಕಾನೂನು ಈ ವಿಷಯದಲ್ಲಿ ಪೂರ್ತಿ ಮೌನವಾಗಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಯಮಗಳನ್ನು ತಂದಿತು, 2023ರಲ್ಲಿ ಅವನ್ನು ಹೊಸದಾಗಿ ಹೊರಡಿಸಿತು. ತೀರಾ ಸಣ್ಣ ಸಂಪರ್ಕಗಳನ್ನು ಬಿಟ್ಟು ಉಳಿದವಕ್ಕೆ ಸೋರಿಕೆ ತಡೆಯುವ ಸಾಧನ ಇರಬೇಕೆಂದು ಅವು ಹೇಳುತ್ತವೆ. ನಿಯತಕಾಲಿಕ ತಪಾಸಣೆಯ ಮಾತೂ ಅಲ್ಲಿದೆ. ದೊಡ್ಡ ಸ್ಥಾವರಗಳಿಗೆ ವಿದ್ಯುತ್ ಪರಿವೀಕ್ಷಕರು, ಕಡಿಮೆ ವೋಲ್ಟೇಜಿನವಕ್ಕೆ ಮಾಲೀಕರ ಸ್ವಯಂ ದೃಢೀಕರಣ. ಈ ಕೊನೆಯ ವ್ಯವಸ್ಥೆ ಮನೆಗಳ ಮಟ್ಟಿಗೆ ಕಾಗದದಲ್ಲೇ ಉಳಿದಿದೆ. ತನ್ನ ಮನೆಯ ವೈರಿಂಗ್ ಸುರಕ್ಷಿತ ಎಂದು ದೃಢೀಕರಿಸಬೇಕಾದ ಹೊಣೆ ತನ್ನ ಮೇಲಿದೆ ಎಂಬುದೇ ಮನೆ ಮಾಲೀಕರಿಗೆ ಗೊತ್ತಿಲ್ಲದಿದ್ದರೆ ಆ ನಿಯಮದಿಂದ ಪ್ರಯೋಜನವೇನು? ಬಾಡಿಗೆದಾರರ ಪಾಡು ಇನ್ನೂ ಕಷ್ಟದ್ದು. ಗೀಸರಿನ ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಅವರು ಹೇಳಿದರೆ ಚಪ್ಪಲಿ ಹಾಕಿಕೊಂಡು ಸ್ನಾನ ಮಾಡಿ ಎಂಬ ಸಲಹೆ ಸಿಕ್ಕರೂ ಸಿಕ್ಕೀತು. ಗೋಡೆ ಒಡೆಸುವ ಅಧಿಕಾರ ಅವರಿಗಿಲ್ಲ, ಹನ್ನೊಂದು ತಿಂಗಳ ಕರಾರಿನ ಮನೆಗೆ ಹಣ ಹಾಕುವ ಮನಸ್ಸೂ ಬರುವುದಿಲ್ಲ.

ಕಡ್ಡಾಯ ತಪಾಸಣೆ ಎಂದೊಡನೆ ಬರುವ ಭಯ ಕಿರುಕುಳದ್ದು. ಇನ್ನೊಬ್ಬ ಅಧಿಕಾರಿ ಮನೆಯೊಳಗೆ ಬರುತ್ತಾನೆ, ಏನಾದರೊಂದು ಕೊಕ್ಕೆ ಹಾಕುತ್ತಾನೆ, ಕೈ ಬಿಸಿ ಮಾಡಬೇಕಾಗುತ್ತದೆ ಎಂಬ ಆತಂಕ ಸಕಾರಣವಾದದ್ದು. ಅದನ್ನು ತಳ್ಳಿಹಾಕಿ ಈ ವಾದ ನಿಲ್ಲಲಾರದು. ಉತ್ತರ ವ್ಯವಸ್ಥೆಯನ್ನು ಕಟ್ಟುವ ರೀತಿಯಲ್ಲಿದೆ. ಪರೀಕ್ಷೆ ಮಾಡುವವರಿಗೆ ಕರೆಂಟ್ ಕಡಿಯುವ ಅಧಿಕಾರ ಇರಬಾರದು, ರಿಪೇರಿ ಕೆಲಸವನ್ನು ಅವರೇ ಹಿಡಿಯಲೂಬಾರದು. ಪರವಾನಗಿ ಇರುವವರಲ್ಲಿ ಯಾರನ್ನು ಕರೆಯಬೇಕೆಂಬುದು ಮಾಲೀಕರ ಆಯ್ಕೆಯಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ವರದಿಯಲ್ಲಿ ಅಭಿಪ್ರಾಯಕ್ಕಿಂತ ಅಳತೆ ಇರಬೇಕು. ವೈರಿಂಗ್ ಹಳೆಯದಾಗಿದೆ, ಎಲ್ಲ ಬದಲಿಸಿ ಎಂದು ಬರೆದರೆ ಅದರಲ್ಲಿ ವ್ಯಾಪಾರ ಹೊಗಬಹುದು. ಹೊದಿಕೆಯ ಪ್ರತಿರೋಧ ಇಷ್ಟು ಮೆಗಾಓಮ್, ಅರ್ಥಿನದು ಇಷ್ಟು ಓಮ್ ಎಂದು ಬರೆದರೆ ಮರುದಿನ ಇನ್ನೊಬ್ಬರನ್ನು ಕರೆಸಿ ಅಳೆಸಿ ನೋಡಬಹುದು. ಜಪಾನಿನಲ್ಲಿ ಮನೆಗಳ ವೈರಿಂಗನ್ನು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ, ದೋಷ ಕಂಡರೆ ಮನೆಯವರಿಗೆ ತಿಳಿಸುತ್ತಾರೆ. ಫ್ರಾನ್ಸಿನಲ್ಲಿ 2009ರಿಂದ, ಹದಿನೈದು ವರ್ಷಕ್ಕಿಂತ ಹಳೆಯ ವೈರಿಂಗ್ ಇರುವ ಮನೆ ಮಾರುವವರು ಅದರ ಸ್ಥಿತಿಯ ವರದಿಯನ್ನು ಕೊಳ್ಳುವವರ ಕೈಗಿಡಬೇಕು. ಇಂಗ್ಲೆಂಡಿನಲ್ಲಿ 2020ರ ನಿಯಮಗಳ ಪ್ರಕಾರ ಬಾಡಿಗೆ ಮನೆಗೆ ಐದು ವರ್ಷಕ್ಕೊಮ್ಮೆಯಾದರೂ ತಪಾಸಣೆ ಆಗಬೇಕು, ವರದಿಯ ಪ್ರತಿ ಬಾಡಿಗೆದಾರರಿಗೆ ಸಿಗಬೇಕು. ಅಷ್ಟು ದೂರ ಹೋಗುವುದೂ ಬೇಡ. ನಮ್ಮಲ್ಲೇ ಗ್ಯಾಸ್ ಸಿಲಿಂಡರಿನ ಸುರಕ್ಷಾ ಪೈಪಿಗೆ ಐದು ವರ್ಷದ ಗಡುವಿದೆ, ಸ್ವಂತ ಸ್ಕೂಟರಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು ಮತ್ತೆ ತಪಾಸಣೆಗೆ ಒಯ್ಯಬೇಕು. ಅದೇ ಮನೆಯ, ಅದೇ ಅಡುಗೆಮನೆಯ ವೈರಿಗೆ ಮಾತ್ರ ಗಡುವೇ ಇಲ್ಲ.

ಖರ್ಚಿನ ಪ್ರಶ್ನೆ ಉಳಿಯುತ್ತದೆ. ಒಂದು ಆರ್‌ಸಿಸಿಬಿಗೆ ಎರಡು ಮೂರು ಸಾವಿರ ರೂಪಾಯಿ ಬೀಳಬಹುದು, ಉಳ್ಳವರಿಗೆ ಅದು ಒಂದು ಮೊಬೈಲ್ ಫೋನಿನ ಬೆಲೆಗಿಂತ ಎಷ್ಟೋ ಕಡಿಮೆ. ಹಳೆ ವೈರಿಂಗಿನಲ್ಲಿ ಅದು ಸುಮ್ಮಸುಮ್ಮನೆ ಬೀಳುತ್ತದೆ ಎಂದು ಬೈಪಾಸ್ ಮಾಡಿಸುವವರಿದ್ದಾರೆ. ಅದು ಸುಮ್ಮನೆ ಬೀಳುವುದು ವಿರಳ. ಎಲ್ಲೋ ಕರೆಂಟ್ ಸೋರುತ್ತಿದೆ ಎಂದು ಅದು ಹೇಳುತ್ತಿರುತ್ತದೆ, ಆ ಜಾಗ ಹುಡುಕಿಸಬೇಕು. ಕಷ್ಟ ಇರುವುದು ಬಡವರ ಮನೆಗಳಲ್ಲಿ. ಒಂದು ಬಲ್ಬಿಗೆಂದು ಬಂದ ಲೈನಿನಿಂದ ಟಿವಿ, ಮಿಕ್ಸಿ, ನೀರು ಕಾಯಿಸುವ ಕಾಯಿಲ್ ಎಲ್ಲ ನಡೆಯುವ, ತಗಡಿನ ಮಾಡಿಗೆ ವೈರ್ ಉಜ್ಜುವ ಮನೆಗಳಿಗೆ ಅಪಾಯ ಹೆಚ್ಚು, ಕೈಯಲ್ಲಿ ದುಡ್ಡು ಕಡಿಮೆ. ಇವರ ತಪಾಸಣೆಯ ವೆಚ್ಚವನ್ನೂ ಒಂದು ಆರ್‌ಸಿಸಿಬಿಯ ವೆಚ್ಚವನ್ನೂ ಸರ್ಕಾರ ಹೊರಬೇಕು. ಹೊರಲು ಸಾಧ್ಯವೆಂದು ಗೃಹಜ್ಯೋತಿಯೇ ತೋರಿಸಿದೆ. 2023ರಲ್ಲಿ ಒಂದು ಕೋಟಿಗೂ ಹೆಚ್ಚು ಮನೆಗಳು, ಬಾಡಿಗೆದಾರರೂ ಸೇರಿ, ಅದಕ್ಕೆ ನೋಂದಾಯಿಸಿಕೊಂಡವು. ಎಷ್ಟು ಯೂನಿಟ್ ಬಳಕೆ ಎಂಬ ಲೆಕ್ಕ ಮನೆ ಮನೆಯದೂ ಎಸ್ಕಾಂಗಳ ಬಳಿ ಇದೆ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟ್ ಕೊಡುವ ಸರ್ಕಾರ, ಆ ಕರೆಂಟ್ ಹರಿಯುವ ವೈರ್ ಜೀವ ತೆಗೆಯದಂತೆ ನೋಡಿಕೊಳ್ಳುವ ಸಣ್ಣ ಪಾಲನ್ನೂ ಅದೇ ಲೆಕ್ಕದಲ್ಲಿ ಎತ್ತಿಡಬಹುದು.

ಇಡೀ ರಾಜ್ಯದ ಹಳೆ ಮನೆಗಳನ್ನು ಒಂದೇ ವರ್ಷದಲ್ಲಿ ಪರೀಕ್ಷಿಸುವಷ್ಟು ನುರಿತ ಕೈಗಳು ಇಲ್ಲ ಎಂಬುದು ನಿಜ. ಹಾಗಾಗಿ ತಪಾಸಣೆಯನ್ನು ಮೊದಲು ಮೂರು ಸಂದರ್ಭಗಳಿಗೆ ಕಟ್ಟಬೇಕು: ಮಂಜೂರಾದ ಲೋಡ್ ಹೆಚ್ಚಿಸಲು ಅರ್ಜಿ ಬಂದಾಗ, ಮನೆ ಮಾರಾಟವಾಗಿ ಮೀಟರಿನ ಹೆಸರು ಬದಲಾಗುವಾಗ, ಮನೆ ಬಾಡಿಗೆಗೆ ಹೋಗುವಾಗ. ಮೊದಲೆರಡರಲ್ಲಿ ಮಾಲೀಕರು ಹೇಗೂ ಎಸ್ಕಾಂ ಕಚೇರಿಗೆ ಬರುತ್ತಾರೆ. ಮೂರನೆಯದಕ್ಕೆ ಕರಾರುಪತ್ರದ ಜೊತೆ ವರದಿಯ ಪ್ರತಿ ಲಗತ್ತಿಸಿದರೆ ಸಾಕು. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್, ವೈರ್‌ಮನ್ ಕಲಿತು ಹೊರಬರುವ ಯುವಕರಿಗೆ ಮೆಗ್ಗರ್, ಅರ್ಥ್ ಟೆಸ್ಟರ್ ಬಳಸಲು ಒಂದಿಷ್ಟು ಹೆಚ್ಚಿನ ತರಬೇತಿ ಕೊಟ್ಟು, ಪರವಾನಗಿ ಇರುವವರ ಮೇಲ್ವಿಚಾರಣೆಯಲ್ಲಿ ಈ ಕೆಲಸಕ್ಕೆ ಹಚ್ಚಬಹುದು. ಪ್ರತಿ ವರದಿಯೂ ಆರ್.ಆರ್. ನಂಬರಿನ ಜೊತೆ ಉಳಿಯಲಿ, ಮುಂದಿನ ಬಾಡಿಗೆದಾರರೂ ಕೊಳ್ಳುವವರೂ ಅದನ್ನು ತೆಗೆದು ನೋಡುವಂತಿರಲಿ. ಈ ಸಂದರ್ಭಗಳಿಗೆ ಕಾಯದೆ ಆರಂಭಿಸಬೇಕಾದ ಕಡೆ ಎರಡಿವೆ. ಒಂದು, ಭಾಗ್ಯಜ್ಯೋತಿ ಕುಟೀರಜ್ಯೋತಿ ಸಂಪರ್ಕ ಇರುವ ಮನೆಗಳು. ಇನ್ನೊಂದು, ಕರಾವಳಿ ಮಲೆನಾಡಿನಲ್ಲಿ 1990ಕ್ಕಿಂತ ಹಿಂದೆ ಮೀಟರ್ ಕೂತ ಮನೆಗಳು. ಅಲ್ಲಿ ಮೆಗ್ಗರ್ ಹಿಡಿದು ಒಳಗೆ ಹೋಗಬೇಕಾದ್ದು ಜೂನ್ ಕೊನೆಯ ಹೊತ್ತಿಗೆ, ಗೋಡೆಗೆ ಮಳೆ ಹಿಡಿದ ಮೇಲೆ.